ಉಣ್ಣೆಯ ಹಾದಿಯೇ ನಕ್ಷೆಯಾದ ಗಿರಣಿ

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಬ್ರಾಡ್‌ಫರ್ಡ್ ನಗರದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಏರ್ ನದಿಯ ಬಯಲಿನಲ್ಲಿ ಸಾಲ್ಟ್ಸ್ ಮಿಲ್ ನಿಂತಿದೆ. 1853ರ ಸೆಪ್ಟೆಂಬರ್ 20ರಂದು ಉದ್ಘಾಟನೆಯಾದ ಉಣ್ಣೆ ಗಿರಣಿ ಇದು. ದಕ್ಷಿಣ ಮುಖದ ಉದ್ದ 545 ಅಡಿ, ಎತ್ತರ 72 ಅಡಿ, ಅಂತಸ್ತು ಆರು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಎಷ್ಟು ಉದ್ದವೋ ಅಷ್ಟೇ ಉದ್ದ ಎಂದು ಆ ಕಾಲದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದರೆ ಇಟಲಿಯ ಅರಮನೆಯ ಗತ್ತು. ಒಳಹೊಕ್ಕರೆ ಬೇರೆಯೇ ಲೆಕ್ಕ. ಕಂಬಗಳ ನಡುವಿನ ಅಂತರ, ಅಂತಸ್ತುಗಳ ಅಗಲ, ಚಿಮಣಿಯ ಎತ್ತರ, ಯಾವ ವಿಭಾಗದ ಪಕ್ಕ ಯಾವುದಿರಬೇಕು ಎಂಬುದು, ಇವನ್ನೆಲ್ಲ ನಿರ್ಧರಿಸಿದ್ದು ಉಣ್ಣೆ ಮತ್ತು ಉಗಿ. ವಿಕ್ಟೋರಿಯಾ ಕಾಲದ ಗಿರಣಿಗಳು ಬ್ರಿಟನ್ನಿನಲ್ಲಿ ಇನ್ನೂ ಬಹಳ ಉಳಿದಿವೆ. ಕಟ್ಟಡವೂ ಒಂದು ಯಂತ್ರವೇ ಎಂಬುದನ್ನು ಇದರಷ್ಟು ಬಿಡಿಸಿ ತೋರಿಸುವವು ಕಡಿಮೆ.

ಇದನ್ನು ಕಟ್ಟಿಸಿದ ಟೈಟಸ್ ಸಾಲ್ಟ್ ಹುಟ್ಟಿದ್ದು 1803ರಲ್ಲಿ, ಲೀಡ್ಸ್ ಬಳಿಯ ಮಾರ್ಲಿಯಲ್ಲಿ. ತಂದೆ ಡೇನಿಯಲ್ ಸಾಲ್ಟ್ ಬ್ರಾಡ್‌ಫರ್ಡ್‌ನಲ್ಲಿ ಉಣ್ಣೆ ವ್ಯಾಪಾರಿ. ಬೇರೆಯವರು ಕೈಬಿಟ್ಟ ಸರಕನ್ನು ಹಿಡಿದು ಗೆಲ್ಲುವುದು ಮಗನ ಜಾಣ್ಮೆ. ರಷ್ಯಾದ ಡಾನ್ ನದಿಯ ಸೀಮೆಯಿಂದ ಬರುತ್ತಿದ್ದ ಒರಟು ಉಣ್ಣೆ ನೂಲಿಗೆ ಒಗ್ಗುವುದಿಲ್ಲವೆಂದು ಊರಿನ ನೂಲುಗಾರರು ತಳ್ಳಿಹಾಕಿದಾಗ ಅದನ್ನು ತಾನೇ ನೂತು ತೋರಿಸಿದ. 1836ರಲ್ಲಿ ಲಿವರ್‌ಪೂಲ್‌ನ ಗೋದಾಮೊಂದರಲ್ಲಿ ಕೊಳ್ಳುವವರಿಲ್ಲದೆ ಬಿದ್ದಿದ್ದ ಅಲ್ಪಾಕಾ ಮೂಟೆಗಳು ಅವನ ಕಣ್ಣಿಗೆ ಬಿದ್ದವು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ಸಾಕುವ ಪ್ರಾಣಿಯ ನೀಳ, ಹೊಳಪಿನ ಕೂದಲು ಅದು. ಹತ್ತಿಯನ್ನು ಹಾಸಾಗಿಯೂ ಅಲ್ಪಾಕಾವನ್ನು ಹೊಕ್ಕಾಗಿಯೂ ಇಟ್ಟು ನೇಯ್ದಾಗ ರೇಷ್ಮೆಯಂತೆ ಮಿನುಗುವ, ಆದರೆ ರೇಷ್ಮೆಗಿಂತ ಅಗ್ಗದ ಬಟ್ಟೆ ಸಿಕ್ಕಿತು. ಮಧ್ಯಮ ವರ್ಗದ ಹೆಂಗಸರು ಅದಕ್ಕೆ ಮುಗಿಬಿದ್ದರು. 1844ರಲ್ಲಿ ವಿಕ್ಟೋರಿಯಾ ರಾಣಿ ತಾನು ಸಾಕಿದ್ದ ಎರಡು ಅಲ್ಪಾಕಾಗಳ ಉಣ್ಣೆಯನ್ನೇ ನೇಯಲು ಕಳುಹಿಸಿಕೊಟ್ಟಳು. ಗೋದಾಮಿನ ಆ ಪ್ರಸಂಗವನ್ನು ಚಾರ್ಲ್ಸ್ ಡಿಕನ್ಸ್ 1852ರಲ್ಲಿ ತನ್ನ ವಾರಪತ್ರಿಕೆಯಲ್ಲಿ ನಗೆಬರಹವಾಗಿಸಿದ. 1850ರ ಹೊತ್ತಿಗೆ ಬ್ರಾಡ್‌ಫರ್ಡ್‌ನಲ್ಲಿ ಸಾಲ್ಟ್‌ನ ಐದು ಗಿರಣಿಗಳಿದ್ದವು, ಐದೂ ಬೇರೆ ಬೇರೆ ಕಡೆ.

ಆ ಬ್ರಾಡ್‌ಫರ್ಡ್ ಉಸಿರಾಡಲಾಗದ ಊರಾಗಿತ್ತು. 1801ರಲ್ಲಿ ಸುಮಾರು 13 ಸಾವಿರವಿದ್ದ ಜನಸಂಖ್ಯೆ 1851ಕ್ಕೆ ಒಂದು ಲಕ್ಷ ದಾಟಿತ್ತು. ಚರಂಡಿಯ ಕೊಳೆ ಸೇರುತ್ತಿದ್ದ ಹಳ್ಳವೇ ಕಾಲುವೆಗೂ ನೀರುಣಿಸುತ್ತಿತ್ತು, ಚಿಮಣಿಗಳ ಹೊಗೆ ಬೋಗುಣಿಯಾಕಾರದ ಕಣಿವೆಯಲ್ಲೇ ನಿಲ್ಲುತ್ತಿತ್ತು. 1849ರ ಕಾಲರಾ ನಾನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಗ ನಗರದ ಮೇಯರ್ ಆಗಿದ್ದವನು ಸಾಲ್ಟ್. ಹೊಗೆ ತಗ್ಗಿಸುವ ರಾಡಾ ಬರ್ನರ್ ಎಂಬ ಸಾಧನವನ್ನು ತನ್ನ ಗಿರಣಿಗಳಿಗೆ ಹಾಕಿಸಿ, ಉಳಿದ ಮಾಲೀಕರೂ ಹಾಕಿಸಲಿ ಎಂದು ಒತ್ತಾಯಿಸಿದ. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಊರನ್ನೇ ಬಿಡುವ ತೀರ್ಮಾನಕ್ಕೆ ಬಂದ. ಜೀವನಚರಿತ್ರೆಕಾರರು ಇದನ್ನು ಕರುಣೆಯ ಕತೆಯಾಗಿ ಬರೆದಿದ್ದಾರೆ. ಐದು ಕಡೆ ಚದುರಿದ ಕೆಲಸವನ್ನು ಒಂದೇ ಸೂರಿನಡಿ ತಂದರೆ ಆಗುವ ಉಳಿತಾಯವೂ ಅಷ್ಟೇ ನಿಜ. ಸಾಲ್ಟ್‌ನಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ.

ಅವನು ಆರಿಸಿದ ಜಾಗವೇ ಅರ್ಧ ಕೆಲಸ ಮುಗಿಸಿತ್ತು. ಒಂದು ಪಕ್ಕಕ್ಕೆ ಲೀಡ್ಸ್–ಲಿವರ್‌ಪೂಲ್ ಕಾಲುವೆ. ಬಂದರಿನಲ್ಲಿ ಇಳಿದ ಮೂಟೆ ಅದೇ ನೀರಿನ ಮೇಲೆ ಗಿರಣಿಯ ಗೋಡೆಯವರೆಗೂ ಬರಬಹುದು. ಇನ್ನೊಂದು ಪಕ್ಕಕ್ಕೆ ಕೆಲವೇ ವರ್ಷಗಳ ಹಿಂದೆ ಹಾಕಿದ ರೈಲು ಹಳಿ. ಕಲ್ಲಿದ್ದಲು ಒಳಬರಲು, ಬಟ್ಟೆ ಹೊರಹೋಗಲು ಅದು. ಕಾಲುವೆಯಾಚೆ ನದಿ, ಉಣ್ಣೆ ತೊಳೆಯಲು ಬೇಕಾದ ಮೆದು ನೀರು. ಹೊಳೆಯ ಹೆಸರಿಗೆ ತನ್ನ ಹೆಸರನ್ನು ಸೇರಿಸಿ ಊರಿಗೆ ಸಾಲ್ಟೇರ್ ಎಂದು ಕರೆದ.

ಸಾಲ್ಟ್ ಕಟ್ಟಲು ಹೊರಟಾಗ ಗಿರಣಿ ಕಟ್ಟುವ ವಿದ್ಯೆಗೆ ಆಗಲೇ ಅರ್ಧ ಶತಮಾನದ ಅನುಭವವಿತ್ತು, ಅದೂ ಬಹುಪಾಲು ಬೆಂಕಿಯಿಂದ ಕಲಿತದ್ದು. ಹದಿನೆಂಟನೆಯ ಶತಮಾನದ ಗಿರಣಿಗಳಿಗೆ ಮರದ ಕಂಬ, ಮರದ ತೊಲೆ, ಮರದ ಹಲಗೆಯ ನೆಲ. ಯಂತ್ರದ ಎಣ್ಣೆ ವರ್ಷಗಟ್ಟಲೆ ಹಲಗೆಗಿಳಿದಿರುತ್ತಿತ್ತು, ಗಾಳಿಯಲ್ಲಿ ನಾರಿನ ಧೂಳು, ಚಳಿಗಾಲದ ಸಂಜೆ ಕೆಲಸಕ್ಕೆ ಉರಿಯುವ ದೀಪ. ಕಿಡಿಯೊಂದು ಸಾಕಿತ್ತು. ಲಂಡನ್ನಿನ ಪ್ರಸಿದ್ಧ ಆಲ್ಬಿಯನ್ ಹಿಟ್ಟಿನ ಗಿರಣಿ 1791ರಲ್ಲಿ ಸುಟ್ಟುಹೋದಾಗ ಎಲ್ಲರ ಎದೆ ನಡುಗಿತು. ಡರ್ಬಿಯ ವಿಲಿಯಂ ಸ್ಟ್ರಟ್ ಎರಕದ ಕಬ್ಬಿಣದ ಕಂಬಗಳನ್ನೂ ಇಟ್ಟಿಗೆಯ ಕಮಾನುಗಳನ್ನೂ ಬಳಸತೊಡಗಿದ. ಆದರೆ ಅವನ ತೊಲೆಗಳು ಮರದವೇ. ಶ್ರೂಸ್‌ಬರಿಯ ಡಿದರಿಂಗ್ಟನ್‌ನಲ್ಲಿ 1797ರಲ್ಲಿ ಮುಗಿದ ಅಗಸೆನಾರಿನ ಗಿರಣಿಗೆ ಚಾರ್ಲ್ಸ್ ಬೇಜ್ ತೊಲೆಗಳನ್ನೂ ಕಬ್ಬಿಣದಲ್ಲೇ ಎರೆಸಿದ. ಒಳಗಿನ ಇಡೀ ಹಂದರ ಕಬ್ಬಿಣದ್ದಾದ, ಲೋಕದ ಮೊದಲ ಕಟ್ಟಡ ಅದು. ಇಂದಿನ ಗಗನಚುಂಬಿಗಳ ವಂಶಾವಳಿಯನ್ನು ಅಲ್ಲಿಂದ ಹಿಡಿಯುವುದು ವಾಡಿಕೆ. ಎರಡು ತೊಲೆಗಳ ನಡುವೆ ಇಟ್ಟಿಗೆಯ ಕಿರುಕಮಾನು ಹಾಯಿಸಿ, ಮೇಲೆ ಮಟ್ಟಮಾಡಿ ನೆಲ ಹಾಸುವ ಈ ಜ್ಯಾಕ್ ಆರ್ಚ್ ಕ್ರಮ ಬ್ರಿಟಿಷರ ಜೊತೆ ಭಾರತಕ್ಕೂ ಬಂತು. ಹಳೆಯ ರೈಲ್ವೆ ಕಟ್ಟಡಗಳಲ್ಲಿ ತಲೆಯೆತ್ತಿ ನೋಡಿದವರಿಗೆ ಅದರ ಪರಿಚಯವಿದ್ದೇ ಇರುತ್ತದೆ.

ಕಬ್ಬಿಣ ಬೆಂಕಿಯ ಭಯ ಕಳೆದು ಇನ್ನೊಂದು ಭಯ ತಂದಿತು. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಭಾರ ಹೊತ್ತ ತೊಲೆಯ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಂಚು ಹಿಗ್ಗುತ್ತದೆ. ಬಿರುಕು ಹುಟ್ಟುವುದು ಅಲ್ಲಿ. ಮರದಂತೆ ಬಾಗಿ, ಸದ್ದು ಮಾಡಿ ಮುನ್ಸೂಚನೆ ಕೊಡುವ ಸ್ವಭಾವವೂ ಅದಕ್ಕಿಲ್ಲ, ಒಮ್ಮೆಲೇ ಮುರಿಯುತ್ತದೆ. ಮ್ಯಾಂಚೆಸ್ಟರ್‌ನ ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್‌ನ ಕಾರ್ಖಾನೆಯಲ್ಲಿ ಗಣಿತಜ್ಞ ಈಟನ್ ಹಾಡ್ಜ್‌ಕಿನ್ಸನ್ ತೊಲೆಗಳನ್ನು ಒಂದೊಂದಾಗಿ ಮುರಿದು ನೋಡಿ, ಕೆಳಗಿನ ಪಟ್ಟಿಯನ್ನು ಮೇಲಿನದಕ್ಕಿಂತ ಹಲವು ಪಟ್ಟು ದಪ್ಪಗೊಳಿಸಿದರೆ ಅಷ್ಟೇ ಕಬ್ಬಿಣ ಹೆಚ್ಚು ಭಾರ ಹೊರುತ್ತದೆಂದು 1830ರ ಸುಮಾರಿಗೆ ತೋರಿಸಿಕೊಟ್ಟ. ಎಲ್ಲರೂ ಅದನ್ನು ಪಾಲಿಸಲಿಲ್ಲ. 1844ರಲ್ಲಿ ಓಲ್ಡಮ್‌ನ ಹೊಸ ಗಿರಣಿಯೊಂದು ಕುಸಿದು ಕೆಲಸಗಾರರು ಸತ್ತಾಗ ಕಾರಣ ಹುಡುಕಲು ಕರೆಸಿದವರಲ್ಲಿ ಫೇರ್‌ಬೇರ್ನ್ ಒಬ್ಬ. ಸಾಲ್ಟ್ ತನ್ನ ಹೊಸ ಗಿರಣಿಯ ಯಂತ್ರ ವ್ಯವಸ್ಥೆಯನ್ನು ಒಪ್ಪಿಸಿದ್ದು ಇದೇ ಫೇರ್‌ಬೇರ್ನ್‌ಗೆ.

ಕಟ್ಟಡದ ನಕ್ಷೆ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ್ದು. ಅಡ್ಡಗೆರೆಯ ಜಾಗದಲ್ಲಿ, ರೈಲು ಹಳಿಗೆ ಮುಖಮಾಡಿ, ಆರಂತಸ್ತಿನ ನೂಲುವ ಗಿರಣಿ. ಕಾಂಡದ ಜಾಗದಲ್ಲಿ, ಅದರ ಬೆನ್ನಿನಿಂದ ಕಾಲುವೆಯ ಕಡೆಗೆ ಚಾಚಿದ ಗೋದಾಮು. ಕಾಂಡದ ಎರಡೂ ಪಕ್ಕಗಳಲ್ಲಿ ನೆಲಮಟ್ಟದ ವಿಶಾಲ ಶೆಡ್‌ಗಳು, ಒಂದರಲ್ಲಿ ಉಣ್ಣೆ ಬಾಚುವ ಕೆಲಸ, ಇನ್ನೊಂದರಲ್ಲಿ ನೇಯ್ಗೆ. ಕಾಲುವೆಯಿಂದ ಮೇಲೆತ್ತಿದ ಮೂಟೆ ಗೋದಾಮಿನಲ್ಲಿ ಬಿಚ್ಚಿಕೊಂಡು, ಎಳೆಯ ಉದ್ದ, ನಯ, ಬಣ್ಣಗಳಿಗೆ ತಕ್ಕಂತೆ ವಿಂಗಡವಾಗಿ, ತೊಳೆದು ಬಾಚುವ ಶೆಡ್ಡಿಗೆ ಹೋಗುತ್ತಿತ್ತು. ಬ್ರಾಡ್‌ಫರ್ಡ್‌ನ ಬಟ್ಟೆ ವರ್ಸ್ಟೆಡ್ ಜಾತಿಯದು: ಗಿಡ್ಡ ಎಳೆಗಳನ್ನು ಬಾಚಿ ತೆಗೆದು, ನೀಳ ಎಳೆಗಳನ್ನಷ್ಟೇ ಒಂದಕ್ಕೊಂದು ಸಮಾನಾಂತರವಾಗಿ ಮಲಗಿಸಿ ನೂಲುವುದು ಅದರ ಗುಟ್ಟು. ಸೂಟಿನ ಬಟ್ಟೆಯ ನುಣುಪು ಹುಟ್ಟುವುದು ಈ ಬಾಚಣಿಕೆಯಲ್ಲಿ. ಬಾಚಿದ್ದು ನೂಲುವ ಅಂತಸ್ತುಗಳಿಗೆ, ನೂಲು ಮಗ್ಗಗಳ ಶೆಡ್ಡಿಗೆ, ಬಟ್ಟೆ ಮತ್ತೆ ಗೋದಾಮಿಗೆ. ಸರಕು ಸುತ್ತುಬಳಸು ಹಾದಿ ಹಿಡಿಯದಂತೆ ಹೆಣೆದ ಈ ನಕ್ಷೆಯೇ ಸಾಲ್ಟ್ಸ್ ಮಿಲ್‌ನ ನಿಜವಾದ ವಾಸ್ತುಸಾಧನೆ. ಗೋಪುರ, ಕಮಾನುಗಳಿಗೆ ಸಿಕ್ಕಷ್ಟು ಹೊಗಳಿಕೆ ಅದಕ್ಕೆ ಸಿಕ್ಕಿಲ್ಲ.

ನೂಲುವ ಗಿರಣಿ ಉದ್ದಕ್ಕೆ ಬೆಳೆದು ಅಗಲಕ್ಕೆ ಬೆಳೆಯದಿರಲು ಬೆಳಕು ಕಾರಣ. ಎರಡೂ ಬದಿಯ ಕಿಟಕಿಗಳಿಂದ ಬಂದ ಹಗಲು ನಡುಮಧ್ಯದ ಯಂತ್ರವನ್ನೂ ಮುಟ್ಟಬೇಕು. ಆದ್ದರಿಂದ ಅಂತಸ್ತಿನ ಅಗಲಕ್ಕೆ ಮಿತಿ, ಕಿಟಕಿಗಳಿಗೆ ಎತ್ತರ. ಕಂಬಗಳ ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕೆಂಬುದನ್ನು ನೂಲುವ ಯಂತ್ರದ ಅಳತೆ ಹೇಳುತ್ತದೆ. ಕಬ್ಬಿಣದ ಚಾವಣಿ ಹೊತ್ತ ಮೇಲಿನ ಅಂತಸ್ತು ಗಿರಣಿಯ ಉದ್ದಕ್ಕೂ ಹಬ್ಬಿದ ಒಂದೇ ಕೋಣೆ. ಆ ಕಾಲಕ್ಕೆ ಲೋಕದಲ್ಲೇ ದೊಡ್ಡ ಕೋಣೆ ಅದೆಂಬ ಮಾತಿತ್ತು.

ಮಗ್ಗಗಳ ಕತೆಯೇ ಬೇರೆ. ಲಾಳಿ ಎಡಬಲಕ್ಕೆ ಚಿಮ್ಮುವ ಹೊಡೆತದಿಂದ ಯಂತ್ರಮಗ್ಗ ಇಡೀ ದಿನ ಅದುರುತ್ತದೆ. ಸಾವಿರಕ್ಕೂ ಹೆಚ್ಚು ಮಗ್ಗಗಳನ್ನು ಮಾಳಿಗೆಯ ಮೇಲಿಟ್ಟರೆ ಯಾವ ತೊಲೆಯೂ ಬಾಳುವುದಿಲ್ಲ. ಹಾಗಾಗಿ ಸುಮಾರು 1,200 ಮಗ್ಗಗಳಿಗೆ ನೆಲದ ಮೇಲೆಯೇ ಶೆಡ್, ಬೆಳಕು ಬರಲು ಗರಗಸದ ಹಲ್ಲಿನಂಥ ಚಾವಣಿ. ಪ್ರತಿ ಹಲ್ಲಿನ ಕಡಿದಾದ ಬದಿಗೆ ಗಾಜು, ಅದರ ಮುಖ ಉತ್ತರಕ್ಕೆ. ನೇರ ಬಿಸಿಲಿಲ್ಲದ, ನೆರಳು ಬೀಳಿಸದ ಸಮಬೆಳಕಿನಲ್ಲಿ ಕಡಿದ ಎಳೆ ತಕ್ಷಣ ಕಾಣುತ್ತದೆ, ಬಣ್ಣ ಮೋಸ ಮಾಡುವುದಿಲ್ಲ. ಇದೇ ಚಾವಣಿ ಮುಂದೆ ಮುಂಬೈಯ ಹತ್ತಿ ಗಿರಣಿಗಳ ಗುರುತಾಯಿತು.

ಇಷ್ಟನ್ನೂ ಓಡಿಸುತ್ತಿದ್ದದ್ದು ಉಗಿಯಿಂದ ನಡೆಯುವ ನಾಲ್ಕು ಬೀಮ್ ಎಂಜಿನ್‌ಗಳು. ಅವುಗಳ ಮನೆಗಳು ದಕ್ಷಿಣ ಮುಖದ ನಡುಭಾಗದಲ್ಲಿ. ಮಧ್ಯದಿಂದ ಹೊರಟ ಶಕ್ತಿ ಎರಡೂ ತುದಿಗೆ ಸಮನಾಗಿ ಹಂಚಿಹೋಗಬೇಕಲ್ಲ. ವಿದ್ಯುತ್ತಿಲ್ಲದ ಕಾಲದಲ್ಲಿ ಶಕ್ತಿಯ ಸಾಗಾಟವೆಂದರೆ ತಿರುಗುವ ಕಬ್ಬಿಣದ ದಂಡಗಳು, ಹಲ್ಲುಚಕ್ರಗಳು, ಚರ್ಮದ ಪಟ್ಟಿಗಳು. ಗಿರಣಿಯಲ್ಲಿ ಈ ದಂಡಗಳ ಒಟ್ಟು ಉದ್ದ ಸುಮಾರು ಎರಡು ಮೈಲಿ. ಹಿಂದಿನವರು ದಪ್ಪ ದಂಡಗಳನ್ನು ನಿಧಾನವಾಗಿ ತಿರುಗಿಸಿ ಶಕ್ತಿಯ ಬಹುಪಾಲನ್ನು ದಂಡದ ತೂಕಕ್ಕೇ ಕಳೆದುಕೊಳ್ಳುತ್ತಿದ್ದರು. ಹಗುರ ದಂಡಗಳನ್ನು ವೇಗವಾಗಿ ತಿರುಗಿಸುವ ಕ್ರಮವನ್ನು ಬಳಕೆಗೆ ತಂದು ಫೇರ್‌ಬೇರ್ನ್ ಹೆಸರು ಮಾಡಿದ್ದ. ಸಾಲ್ಟೇರ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ದಂಡಗಳಲ್ಲಿ ಹೆಚ್ಚಿನವನ್ನು ನೆಲದಡಿಗೆ ಇಳಿಸಲಾಯಿತು. ತಲೆಯ ಮೇಲೆ ತಿರುಗುವ ಪಟ್ಟಿಗೆ ಕೂದಲೋ ಸೆರಗೋ ಸಿಕ್ಕಿ ಆಗುತ್ತಿದ್ದ ಸಾವುನೋವು ಅಂದಿನ ಗಿರಣಿಗಳ ನಿತ್ಯದ ಸುದ್ದಿ. ಅದೂ ತಗ್ಗಿತು, ಸದ್ದೂ ಒಂದಿಷ್ಟು ಕಡಿಮೆಯಾಯಿತು.

ಇವೆಲ್ಲಕ್ಕೂ ಕಲ್ಲಿನ ಉಡುಗೆ ತೊಡಿಸಿದ್ದು ಬ್ರಾಡ್‌ಫರ್ಡ್‌ನ ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳ ಸಂಸ್ಥೆ. ನಗರದ ಸೇಂಟ್ ಜಾರ್ಜಸ್ ಹಾಲ್, ಉಣ್ಣೆ ವಿನಿಮಯ ಕೇಂದ್ರ, ಪುರಭವನಗಳೂ ಇವರವೇ. 1851ರ ಲಂಡನ್ ಮಹಾಪ್ರದರ್ಶನ ಮುಗಿದಾಗ ಅದರ ಗಾಜಿನ ಸ್ಫಟಿಕ ಅರಮನೆಯನ್ನೇ ಕೊಂಡು ನೇಯ್ಗೆಯ ಶೆಡ್ ಮಾಡಿಕೊಳ್ಳಲು ಸಾಲ್ಟ್ ಯೋಚಿಸಿದ್ದನಂತೆ. ಮಗ್ಗಗಳ ಅದುರಾಟಕ್ಕೆ ಆ ಗಾಜು ಎಷ್ಟು ದಿನ ತಡೆದೀತು! ಕೊನೆಗೆ ಒಪ್ಪಿಗೆಯಾದದ್ದು ಇಟಲಿಯ ಮಾದರಿ: ಸ್ಥಳೀಯ ಮರಳುಗಲ್ಲು, ಮೇಲೆ ದಪ್ಪ ಕಾರ್ನಿಸ್, ಎಂಜಿನ್ ಮನೆಗಳಿರುವ ಕಡೆ ಎರಡು ಚೌಕಗೋಪುರ, 250 ಅಡಿಯ ಚಿಮಣಿ. ವೆನಿಸ್, ಫ್ಲಾರೆನ್ಸ್‌ಗಳ ವ್ಯಾಪಾರಿ ರಾಜಕುಮಾರರ ಸಾಲಿಗೆ ತಾವೂ ಸೇರಿದವರೆಂದು ಸಾರಿಕೊಳ್ಳುವ ಆಸೆ ಯಾರ್ಕ್‌ಶೈರ್‌ನ ಉಣ್ಣೆ ಧಣಿಗಳಿಗೆಲ್ಲ ಇತ್ತು. 1868ರಲ್ಲಿ ಕಾಲುವೆಯಾಚೆ ಕಟ್ಟಿದ ಹೊಸ ಗಿರಣಿಯ ಚಿಮಣಿಯಂತೂ ವೆನಿಸ್‌ನ ಫ್ರಾರಿ ಚರ್ಚಿನ ಗಂಟೆಗೋಪುರದ ನೇರ ನಕಲು. ಚಿಮಣಿಗೆ ಗೋಪುರದ ವೇಷ ಹಾಕುವುದು ಸುಳ್ಳಲ್ಲವೇ ಎಂದು ಮುಂದಿನ ತಲೆಮಾರಿನ ವಿಮರ್ಶಕರು ಮೂಗು ಮುರಿಯಬಹುದಿತ್ತು. ಆದರೆ ಇಲ್ಲಿನ ಅಲಂಕಾರ ಮಿತಿಯರಿತದ್ದು. ಸಾಲುಗಟ್ಟಿದ ಒಂದೇ ತೆರನ ಕಿಟಕಿಗಳು ಒಳಗಿನ ಯಂತ್ರದ ಸಾಲುಗಳನ್ನು ಮುಚ್ಚಿಡದೆ ಹೇಳುತ್ತವೆ.

ಉದ್ಘಾಟನೆಯ ದಿನ ಸಾಲ್ಟ್‌ಗೆ ಐವತ್ತು ತುಂಬಿತ್ತು. ಇನ್ನೂ ಯಂತ್ರ ಬಾರದ ಬಾಚುವ ಶೆಡ್ಡಿನಲ್ಲಿ ಸುಮಾರು ಮೂರೂವರೆ ಸಾವಿರ ಜನಕ್ಕೆ ಊಟ ಹಾಕಿಸಿದ. ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಕೆಲಸಗಾರರು. ಬ್ರಾಡ್‌ಫರ್ಡ್‌ನಿಂದ ವಿಶೇಷ ರೈಲಿನಲ್ಲಿ ಬಂದು, ಸಂಜೆ ಅದೇ ರೈಲಿನಲ್ಲಿ ಸಂಗೀತ ಕಛೇರಿಗೆಂದು ಸೇಂಟ್ ಜಾರ್ಜಸ್ ಹಾಲ್‌ಗೆ ಮರಳಿದರು. ಪೂರ್ಣವಾಗಿ ಓಡತೊಡಗಿದ ಮೇಲೆ ದಿನಕ್ಕೆ 30,000 ಗಜ ಬಟ್ಟೆ ತಯಾರಿಸುವ ಸಾಮರ್ಥ್ಯ ಗಿರಣಿಗಿತ್ತು.

ದುಡಿಮೆಯಂತೂ ಹಗುರವಾಗಿರಲಿಲ್ಲ. ಕೆಲಸಗಾರರಲ್ಲಿ ಹೆಂಗಸರೂ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದರು. 1844ರ ಕಾರ್ಖಾನೆ ಕಾಯಿದೆಯ ಪ್ರಕಾರ ಎಂಟು ವರ್ಷ ತುಂಬಿದ ಮಗು ಅರ್ಧ ದಿನ ಗಿರಣಿಯಲ್ಲಿ, ಅರ್ಧ ದಿನ ಶಾಲೆಯಲ್ಲಿ ಇರಬಹುದಿತ್ತು. ಧೂಳೆಳೆಯುವ ಕೊಳವೆಗಳು, ಗಾಳಿಯ ಮಾರ್ಗಗಳು ಸಾಲ್ಟ್ಸ್ ಮಿಲ್‌ನಲ್ಲಿ ಬೇರೆಡೆಗಿಂತ ಉತ್ತಮವಾಗಿದ್ದರೂ ಆಗ ಯಾರಿಗೂ ಗೊತ್ತಿರದ ಶತ್ರುವೊಂದು ಮೂಟೆಯೊಳಗೇ ಬರುತ್ತಿತ್ತು. ಅಲ್ಪಾಕಾ, ಮೊಹೇರ್ (ಆಡಿನ ಕೂದಲು) ಮೂಟೆ ಬಿಚ್ಚಿ ವಿಂಗಡಿಸುವವರು ಒಂದೆರಡು ದಿನದ ಜ್ವರದಲ್ಲೇ ಸಾಯುವುದನ್ನು ಬ್ರಾಡ್‌ಫರ್ಡ್ ಜಿಲ್ಲೆ ದಶಕಗಳ ಕಾಲ ಕಂಡಿತು. ಅದು ದನಕುರಿಗಳ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಎಂಬುದನ್ನು ವೈದ್ಯ ಜಾನ್ ಹೆನ್ರಿ ಬೆಲ್ ತೋರಿಸಿಕೊಟ್ಟದ್ದು 1880ರ ಸುಮಾರಿಗೆ. ಸಾಲ್ಟ್‌ನ ಭಾಗ್ಯ ತೆರೆದ ಎಳೆಯೇ ಆ ರೋಗವನ್ನೂ ಹೊತ್ತು ತಂದಿತ್ತು.

ಗಿರಣಿಯ ಪಕ್ಕದಲ್ಲಿ ಊರು ಎದ್ದಿತು. ಮುಂದಿನ ಎರಡು ದಶಕಗಳಲ್ಲಿ ಎಂಟುನೂರಕ್ಕೂ ಹೆಚ್ಚು ಕಲ್ಲಿನ ಮನೆಗಳು, ಪ್ರತಿ ಮನೆಗೂ ನೀರು, ಗ್ಯಾಸ್ ಮತ್ತು ಸ್ವಂತ ಶೌಚಾಲಯ. 1859ರಲ್ಲಿ ಚರ್ಚು, 1863ರಲ್ಲಿ ಸ್ನಾನಗೃಹ ಮತ್ತು ಬಟ್ಟೆ ಒಗೆಯುವ ಮನೆ, 1868ರಲ್ಲಿ ಶಾಲೆ, ಆಸ್ಪತ್ರೆ, ವೃದ್ಧರಿಗೆ ವಸತಿ, 1871ರಲ್ಲಿ ಗ್ರಂಥಾಲಯ ಸಹಿತ ಸಭಾಭವನ ಮತ್ತು ಉದ್ಯಾನ. ಬೀದಿಗಳಿಗೆ ರಾಣಿಯ, ಸಾಲ್ಟ್‌ನ ಹೆಂಡತಿಯ, ಮಕ್ಕಳ ಮತ್ತು ಇಬ್ಬರು ವಾಸ್ತುಶಿಲ್ಪಿಗಳ ಹೆಸರು. ಮೇಸ್ತ್ರಿಗೆ ದೊಡ್ಡ ಮನೆ, ಕೂಲಿಗೆ ಚಿಕ್ಕದು. ಗಿರಣಿಯ ಮೇಲುಕೀಳು ಬೀದಿಗಳಲ್ಲೂ ಓದಿಕೊಳ್ಳುವಂತಿತ್ತು. ಹೆಂಡದಂಗಡಿಗೆ ಊರಲ್ಲಿ ಜಾಗವಿರಲಿಲ್ಲ. ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದು ಧಣಿಗೆ ಹಿಡಿಸುತ್ತಿರಲಿಲ್ಲ. ಒಗೆಯುವ ಮನೆ ಕಟ್ಟಿಸಿದ್ದಕ್ಕೆ ಅದೂ ಒಂದು ಕಾರಣ. ಹೆಂಗಸರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ, ಮುಂದೆ ಅದು ಮನೆಗಳಾಗಿ ಮಾರ್ಪಟ್ಟಿತು. ಬಾಡಿಗೆದಾರನೂ ನೌಕರನೂ ಒಬ್ಬನೇ ಆಗಿರುವ ಊರಿನಲ್ಲಿ ಕೆಲಸ ಹೋದರೆ ಮನೆಯೂ ಹೋದಂತೆ. ಸಾಲ್ಟ್‌ನ ಔದಾರ್ಯವನ್ನು ಅಳೆಯುವಾಗ ಇದನ್ನು ಮರೆಯುವಂತಿಲ್ಲ. ಬ್ರಾಡ್‌ಫರ್ಡ್‌ನ ನೆಲಮಾಳಿಗೆಗಳಲ್ಲಿ ಬದುಕಿದವರು ಅದನ್ನು ಒಪ್ಪಿಯೇ ಬಂದರು ಎಂಬುದನ್ನೂ ಮರೆಯುವಂತಿಲ್ಲ.

1876ರ ಡಿಸೆಂಬರಿನಲ್ಲಿ ಸಾಲ್ಟ್ ತೀರಿಕೊಂಡಾಗ ಮೆರವಣಿಗೆ ನೋಡಲು ಲಕ್ಷದಷ್ಟು ಜನ ನಿಂತಿದ್ದರಂತೆ. ಆ ವೇಳೆಗೆ ಫ್ಯಾಷನ್ ಬದಲಾಗತೊಡಗಿತ್ತು. ಹೊಳಪಿನ ಗಡಸು ಬಟ್ಟೆಯ ಬದಲು ಮೈಗೆ ಒಗ್ಗುವ ಫ್ರೆಂಚ್ ಮೆದು ಉಣ್ಣೆಯತ್ತ ಹೆಂಗಸರ ಒಲವು ತಿರುಗಿತು. 1890ರಲ್ಲಿ ಅಮೆರಿಕ ಆಮದಿನ ಮೇಲೆ ಮೆಕಿನ್ಲಿ ಸುಂಕ ಹೇರಿದಾಗ ಬ್ರಾಡ್‌ಫರ್ಡ್‌ನ ದೊಡ್ಡ ಮಾರುಕಟ್ಟೆಯೊಂದರ ಬಾಗಿಲು ಅರ್ಧ ಮುಚ್ಚಿತು. 1892ರಲ್ಲಿ ಸಂಸ್ಥೆ ದಿವಾಳಿಯಂಚಿಗೆ ಬಂದು, ಮರುವರ್ಷ ಜೇಮ್ಸ್ ರಾಬರ್ಟ್ಸ್ ಮೊದಲಾದ ವರ್ತಕರ ಕೈಸೇರಿತು. ರಾಬರ್ಟ್ಸ್ ಅದನ್ನು ಮತ್ತೆ ಲಾಭಕ್ಕೆ ತಂದು 1918ರಲ್ಲಿ ಮಾರಿದ. 1933ರಲ್ಲಿ ಮನೆಗಳೂ ಮಾರಾಟವಾಗಿ ಗಿರಣಿಗೂ ಊರಿಗೂ ಇದ್ದ ನಂಟು ಕಡಿಯಿತು. ಎರಡನೆಯ ಮಹಾಯುದ್ಧದ ನಂತರ ಪೋಲೆಂಡ್, ಉಕ್ರೇನ್, ಇಟಲಿಗಳಿಂದ ಬಂದವರೂ ಆಮೇಲೆ ಪಾಕಿಸ್ತಾನ, ಭಾರತಗಳಿಂದ ಬಂದವರೂ ಬ್ರಾಡ್‌ಫರ್ಡ್ ಸೀಮೆಯ ಗಿರಣಿಗಳನ್ನು ಇನ್ನೊಂದು ತಲೆಮಾರಿನ ಕಾಲ ಎಳೆದರು. ಸ್ಥಳೀಯರು ಒಲ್ಲೆವೆಂದ ರಾತ್ರಿಪಾಳಿ ಹೆಚ್ಚಾಗಿ ಏಷ್ಯಾದವರದೇ ಆಯಿತು. ಕೃತಕ ನೂಲು ಮತ್ತು ಅಗ್ಗದ ಆಮದಿನೆದುರು ಅದೂ ಸಾಲದೆ 1986ರ ಫೆಬ್ರವರಿಯಲ್ಲಿ ಸಾಲ್ಟ್ಸ್ ಮಿಲ್ ಬಾಗಿಲು ಹಾಕಿತು.

ಮುಂದಿನ ವರ್ಷವೇ ಅದನ್ನು ಕೊಂಡವನು ಬ್ರಾಡ್‌ಫರ್ಡ್‌ನವನೇ ಆದ ಬಟ್ಟೆ ಉದ್ಯಮಿ ಜೋನಾಥನ್ ಸಿಲ್ವರ್. ಹೆಸರಾಂತ ಚಿತ್ರಕಾರ ಡೇವಿಡ್ ಹಾಕ್ನಿ ಅದೇ ಊರಿನವನು, ಸಿಲ್ವರ್ ಓದಿದ ಶಾಲೆಯಲ್ಲೇ ಓದಿದವನು. ನೂಲುವ ಗಿರಣಿಯ ನೆಲ ಅಂತಸ್ತನ್ನು ಗುಡಿಸಿ ತೊಳೆದು, 1987ರ ನವೆಂಬರಿನಲ್ಲಿ ಹಾಕ್ನಿಯ ಕೃತಿಗಳಿಗಾಗಿ '1853 ಗ್ಯಾಲರಿ' ತೆರೆಯಲಾಯಿತು. ಪುಸ್ತಕದಂಗಡಿ, ಹೋಟೆಲು ಆಮೇಲೆ ಬಂದವು. ಕಟ್ಟಡದ ಬೇರೆ ಭಾಗಗಳಲ್ಲಿ ಎಲೆಕ್ಟ್ರಾನಿಕ್ಸ್ ಉದ್ದಿಮೆ ನೆಲೆಯೂರಿತು, ಕಾಲುವೆಯಾಚೆಯ ಹೊಸ ಗಿರಣಿ ವಸತಿ ಮತ್ತು ಕಚೇರಿಗಳಾಯಿತು. ಭಾರ ಹೊರುವ ನೆಲ, ಗೋಡೆಯಡ್ಡಿಲ್ಲದ ಅಂತಸ್ತು, ಉದ್ದಕ್ಕೂ ಕಿಟಕಿ, ಇವು ಚಿತ್ರಶಾಲೆಗೂ ಕಚೇರಿಗೂ ಒಗ್ಗುತ್ತವೆ. ಉಣ್ಣೆಗೆಂದೇ ಅಳೆದು ಕಟ್ಟಿದ್ದು ಬೇರೆ ಕೆಲಸಕ್ಕೆ ಇಷ್ಟು ಸಲೀಸಾಗಿ ಹೊಂದಿದ್ದು ಆಶ್ಚರ್ಯವೇ ಸರಿ. 1997ರಲ್ಲಿ ಸಿಲ್ವರ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೂ ಕುಟುಂಬ ಅದನ್ನು ನಡೆಸಿಕೊಂಡು ಬಂದಿತು. 2001ರ ಡಿಸೆಂಬರಿನಲ್ಲಿ ಯುನೆಸ್ಕೋ ಸಾಲ್ಟೇರ್ ಅನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಸುತ್ತಲಿನ ಎಲ್ಲ ಗಿರಣಿಗಳಿಗೂ ಈ ಅದೃಷ್ಟ ಬರಲಿಲ್ಲ. ಬ್ರಾಡ್‌ಫರ್ಡ್‌ನಲ್ಲೇ ಇರುವ, ರೇಷ್ಮೆಗೂ ವೆಲ್ವೆಟ್‌ಗೂ ಹೆಸರಾಗಿದ್ದ ಮ್ಯಾನಿಂಗಮ್ ಗಿರಣಿಯ ಒಂದು ಭಾಗ ಫ್ಲ್ಯಾಟುಗಳಾಗಿ ಉಳಿದುಕೊಂಡಿದೆ. ಡ್ರಮಂಡ್ ಗಿರಣಿ 2016ರಲ್ಲಿ ಬೆಂಕಿಗೆ ಆಹುತಿಯಾಯಿತು, ಕೀತ್ಲಿಯ ಡಾಲ್ಟನ್ ಗಿರಣಿ 2022ರಲ್ಲಿ. ಸಾಲ್ಟ್ಸ್ ಮಿಲ್‌ನ ಚಿಮಣಿಯೂ 1853ರಲ್ಲಿದ್ದಂತೆ ಈಗಿಲ್ಲ. ಅದರ ಅಲಂಕೃತ ತುದಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಇಳಿಸಲಾಗಿದೆ.